ಕೋಲಾರದ ಚಿಕ್ಕ ರೈಲಿಗೊಂದು ಎಂಜಿನ್: ಹತ್ತು ವರ್ಷ ಓಡಿಸಿದ ಮೇಲೆ

2015ರ ಅಕ್ಟೋಬರ್‌ನಲ್ಲಿ ಈ ಎಂಜಿನ್, ಮೇಜಿನ ಮೇಲೆ ಓಡಿಸುವ ಮಾದರಿ ರೈಲಿನದು, ನನ್ನ ಕೈ ಸೇರಿತು. ಜರ್ಮನಿಯಲ್ಲಿ ಕೆಲಸಕ್ಕಿದ್ದ ಅಕ್ಕನ ಮಗ ದಸರಾಕ್ಕೆ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ಮಧ್ಯೆ ಸುತ್ತಿಟ್ಟು ತಂದಿದ್ದ. ಬೆಲೆ 149 ಯೂರೋ. ಯೂರೋಗೆ ಆಗ 73 ರೂಪಾಯಿಯ ಆಸುಪಾಸು, ಅಂದರೆ ಹತ್ತಿರ ಹತ್ತಿರ 11 ಸಾವಿರ. ನನ್ನ ಮೇಷ್ಟರ ಸಂಬಳಕ್ಕೆ ಅದೂ ದೊಡ್ಡ ಮೊತ್ತವೇ, ಒಂದು ವರ್ಷ ತಿಂಗಳಿಗಿಷ್ಟು ಎಂದು ಎತ್ತಿಟ್ಟು ಕೊಂಡಿದ್ದು. ಇವತ್ತು ಅದೇ ಎಂಜಿನ್, ಬಣ್ಣ ಮತ್ತು ನಂಬರ್ ಮಾತ್ರ ಬದಲಾಗಿ, 259 ಯೂರೋ. ಯೂರೋ ನೂರು ದಾಟಿದೆ. 26 ಸಾವಿರ ಆಯಿತು, ಇದಕ್ಕೆ ಸಾಗಣೆಯೂ ಸೇರಿಲ್ಲ, ಸುಂಕವೂ ಸೇರಿಲ್ಲ.

ಹಾಗಾದರೆ ಈಗ ಕೊಳ್ಳಬಹುದಾ ಎಂದು ಕೇಳುವವರಿಗಾಗಿ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಇದೇ ಎಂಜಿನ್ ಯಾಕೆ ಎಂದು ಹೇಳಬೇಕು. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ನ್ಯಾರೋ ಗೇಜ್ ಹಳಿ ಬಂತು. ಮುಂದೆ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು ಯಲಹಂಕದವರೆಗೆ ಹೋಯಿತು. ಎರಡು ಹಳಿಗಳ ನಡುವೆ 762 ಮಿಲಿಮೀಟರ್, ಎರಡೂವರೆ ಅಡಿ ಅಷ್ಟೇ. ನಮ್ಮಪ್ಪ ಆ ಬಂಡಿಯಲ್ಲಿ ಓದಲು ಹೋಗಿ ಬಂದವರು. ಬಾಯ್ಲರ್ ನೀರು ಕುಡಿಯುವಷ್ಟು ಹೊತ್ತು ಸ್ಟೇಷನ್ನಿನಲ್ಲಿ ಇಳಿದು ಮಾವಿನ ಮರದಡಿ ಕೂರುತ್ತಿದ್ದೆವು ಎನ್ನುತ್ತಿದ್ದರು. ನಾನು ನೋಡಿದ್ದು ಅದರ ಕೊನೆಗಾಲ. 90ರ ದಶಕದಲ್ಲಿ ಬಂಗಾರಪೇಟೆ-ಕೋಲಾರದ ನಡುವೆ ಬ್ರಾಡ್‌ಗೇಜ್ ಬಂದು ರೈಲ್ ಬಸ್, ಅಂದರೆ ಹಳಿಯ ಮೇಲೆ ಓಡುವ ಬಸ್ಸಿನಂಥ ಬಂಡಿ, ಓಡಿತು. ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ದೊಡ್ಡ ರೈಲು ಬರಲು 2013ರವರೆಗೆ ಕಾಯಬೇಕಾಯಿತು. ಆ ಮಧ್ಯದ ವರ್ಷಗಳಲ್ಲಿ ಹಳಿ ಕಿತ್ತ ಜಾಗದಲ್ಲಿ ಜಾಲಿ ಬೆಳೆದಿದ್ದನ್ನು ಸೈಕಲ್ಲಿನಲ್ಲಿ ಹೋಗುವಾಗ ನೋಡಿಕೊಂಡೇ ದೊಡ್ಡವನಾದೆ. ಅಪ್ಪನ ಕಾಲದ ಸ್ಟೇಷನ್ನನ್ನು ಮೇಜಿನ ಮೇಲೆ ಕಟ್ಟಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ.

ಮಾದರಿ ರೈಲಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಅಳತೆ. ನಿಜವಾದದ್ದರ 87ನೇ ಒಂದು ಪಾಲು. ಆ ಲೆಕ್ಕದಲ್ಲಿ ನಮ್ಮ ಬ್ರಾಡ್‌ಗೇಜ್ 19 ಮಿಲಿಮೀಟರ್‌ಗೂ ಸ್ವಲ್ಪ ಹೆಚ್ಚು ಆಗಬೇಕು, ಆದರೆ ಸಿಗುವ ಹಳಿ 16.5. ಅದು ಯುರೋಪ್, ಅಮೆರಿಕದ 1435 ಮಿಲಿಮೀಟರ್ ಗೇಜಿಗೆ ಸರಿಹೊಂದುವ ಹಳಿ. ಹಾಗಾಗಿ ಭಾರತದ ದೊಡ್ಡ ರೈಲು ಮಾಡುವವರು ಕಾಲು ಕೂಡಿಸಿಟ್ಟಂಥ ಎಂಜಿನ್ ನೋಡಿ ಸುಮ್ಮನಾಗಬೇಕು. ನ್ಯಾರೋ ಗೇಜಿನವರಿಗೆ ಈ ತೊಂದರೆ ಇಲ್ಲ. 762ನ್ನು 87ರಿಂದ ಭಾಗಿಸಿದರೆ 8.76, ಎನ್ ಎಂಬ ಇನ್ನೂ ಚಿಕ್ಕ ಮಾದರಿ ಅಳತೆಯ ಹಳಿ 9 ಮಿಲಿಮೀಟರ್. ಕಾಲು ಮಿಲಿಮೀಟರ್ ವ್ಯತ್ಯಾಸ ಯಾವ ಕಣ್ಣಿಗೂ ಕಾಣುವುದಿಲ್ಲ. ಹೀಗೆ 9 ಮಿಲಿಮೀಟರ್ ಹಳಿಯ ಮೇಲೆ 87ರ ಅಳತೆಯ ಬಂಡಿ ಓಡಿಸುವುದಕ್ಕೆ ಎಚ್‌ಓಇ ಎನ್ನುತ್ತಾರೆ. ಆಸ್ಟ್ರಿಯಾದ ಕಣಿವೆ ರೈಲುಗಳು 760 ಮಿಲಿಮೀಟರ್‌ನವು. ಅಲ್ಲಿನ ಅಭಿಮಾನಿಗಳು ಹೆಚ್ಚಿರುವುದರಿಂದ ಈ ಅಳತೆಯ ಎಂಜಿನ್‌ಗಳೂ ಹೆಚ್ಚಾಗಿ ಅಲ್ಲಿನವೇ. ನನ್ನದು ಅವರ ಯು ಸರಣಿಯ ಟ್ಯಾಂಕ್ ಎಂಜಿನ್. ಉಂಟ್ಸ್‌ಮಾರ್ಕ್ಟ್ (Unzmarkt) ಎಂಬ ಊರಿನ ಮೊದಲ ಅಕ್ಷರ ಹಿಡಿದು ಬಂದ ಹೆಸರು, 1894ರ ವಿನ್ಯಾಸ. ನೀರಿನ ತೊಟ್ಟಿ ಎಂಜಿನ್ನಿನ ಪಕ್ಕೆಗೇ ಅಂಟಿಕೊಂಡಿದೆ, ಚಿಮಣಿ ಎತ್ತರ, ಕ್ಯಾಬಿನ್ ಚಿಕ್ಕದು. ಇದು ಕೋಲಾರದಲ್ಲಿ ಓಡಿದ ಎಂಜಿನ್ ಅಲ್ಲ. ಆದರೂ ಕಪ್ಪು ಬಣ್ಣ ಹೊಡೆದು, ಹಿಂದೆ ನಾಲ್ಕು ಡಬ್ಬಿ ಕಟ್ಟಿ ಬಿಟ್ಟಾಗ ನಮ್ಮಪ್ಪ ಐದು ನಿಮಿಷ ಮಾತಾಡಲಿಲ್ಲ.

ಇನ್ನು ಓಟದ ವಿಷಯ. ಮೋಟಾರ್ 12 ವೋಲ್ಟ್ ಡಿಸಿ, ಆದರೆ ನಾನು 5 ವೋಲ್ಟ್ ದಾಟಿಸುವುದು ಅಪರೂಪ. ಹೊಸದರಲ್ಲಿ 3 ವೋಲ್ಟ್‌ಗೇ ಇರುವೆಯಂತೆ ಹೊರಡುತ್ತಿತ್ತು. ಹತ್ತು ವರ್ಷದ ಮೇಲೆ ಈಗಲೂ ಮೂರೂವರೆಗೆ ಹೊರಡುತ್ತದೆ. ವಾರಕ್ಕೆ ಎರಡು ಸಂಜೆ, ಭಾನುವಾರ ಬೆಳಿಗ್ಗೆ ಒಂದು ಗಂಟೆ, ಶಾಲೆಯ ಮಕ್ಕಳು ಬಂದ ದಿನ ಇನ್ನೂ ಹೆಚ್ಚು. ಮೋಟಾರ್ ಒಮ್ಮೆಯೂ ಕೈಕೊಟ್ಟಿಲ್ಲ. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ತೊಂದರೆ ಕೊಟ್ಟದ್ದು ಧೂಳು. ಕೋಲಾರದ ಬೇಸಿಗೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ಫೆಬ್ರವರಿಯಿಂದ ಮೇವರೆಗೆ ಕಿಟಕಿ ಮುಚ್ಚಿದ್ದರೂ ಕೆಂಧೂಳು ಹಳಿಯ ಮೇಲೆ ಕೂರುತ್ತದೆ. ಈ ಅಳತೆಯ ಎಂಜಿನ್ ಹಗುರ, ಹಳಿಯನ್ನು ಒತ್ತಿ ಹಿಡಿಯುವ ಶಕ್ತಿ ಕಡಿಮೆ. ಚಕ್ರಕ್ಕೂ ಹಳಿಗೂ ಮಧ್ಯೆ ಧೂಳಿನ ಒಂದು ಪದರ ಬಂದರೆ ಕರೆಂಟು ತಪ್ಪಿ ನಿಂತುಬಿಡುತ್ತದೆ. ಮೊದಲ ವರ್ಷ ನಾನು ನಯವಾದ ಮರಳುಕಾಗದದಿಂದ ಹಳಿ ಉಜ್ಜಿದೆ. ತಪ್ಪು ಮಾಡಿದೆ. ಉಜ್ಜಿದ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂತಿತು, ಎರಡು ಮೀಟರ್ ಹಳಿ ಬದಲಿಸಬೇಕಾಯಿತು. ಈಗ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೆಯ ಹತ್ತಿ ಪಂಚೆಯ ತುಂಡು, ಇಷ್ಟೇ. ಓಡಿಸುವ ಮುನ್ನ ಒಂದು ಸುತ್ತು ಒರೆಸುತ್ತೇನೆ. ಚಕ್ರಕ್ಕೂ ಅದೇ. ಮಿಕ್ಕ ಹೊತ್ತು ಮೇಜಿನ ಮೇಲೆ ಹಳೆಯ ಸೀರೆಯ ಹೊದಿಕೆ. ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು. ಹೊಲಿಗೆ ಮಿಷನ್ ಎಣ್ಣೆ ಧಾರಾಳವಾಗಿ ಬಿಟ್ಟಿದ್ದಕ್ಕೆ ಅದು ಚಕ್ರದ ರಬ್ಬರ್ ಉಂಗುರಕ್ಕೆ ಇಳಿದು, ಎರಡು ಡಬ್ಬಿ ಎಳೆಯಲೂ ಜಾರುತ್ತಿತ್ತು. ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಎಣ್ಣೆ, ವರ್ಷಕ್ಕೆ ಎರಡು ಸಲ ಸಾಕು.

ನಿಜವಾದ ಪರೀಕ್ಷೆ ಬಂದದ್ದು 2020ರಲ್ಲಿ. ಓಡುವಾಗ ಟಿಕ್ ಟಿಕ್ ಎಂಬ ಸದ್ದು, ಸದ್ದಿನ ಜೊತೆ ಒಂದು ಸಣ್ಣ ಕುಂಟು. ತಳ ಬಿಚ್ಚಿ ನೋಡಿದರೆ ಚಕ್ರದ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿತ್ತು. ಉಕ್ಕಿನ ಅಚ್ಚಿಗೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಕುಗ್ಗಿ ಬಿರುಕು ಬಿಡುವುದು ಈ ಹವ್ಯಾಸದಲ್ಲಿ ಎಲ್ಲರೂ ಬಲ್ಲ ರೋಗ. ಗೇರಿನ ಬೆಲೆ 6 ಯೂರೋ. ಕಂಪನಿಯ ಬಿಡಿಭಾಗದ ಪಟ್ಟಿಯಲ್ಲಿ ಅದರ ನಂಬರ್ ಇತ್ತು, ಮಾಲು ಇರಲಿಲ್ಲ. ಪತ್ರ ಬರೆದರೆ, ಆ ಎಂಜಿನ್ನಿನ ಮುಂದಿನ ಬ್ಯಾಚ್ ತಯಾರಾದಾಗ ಬಿಡಿಭಾಗವೂ ಬರಬಹುದು ಎಂಬ ಉತ್ತರ. ಯಾವಾಗ ಎಂಬುದಕ್ಕೆ ಉತ್ತರ ಇರಲಿಲ್ಲ.

ಕ್ಲಾಕ್ ಟವರ್ ಹತ್ತಿರ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಬಳಿ ಒಯ್ದೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿ ಬಹಳ ಹೊತ್ತು ನೋಡಿ, "ಇದಕ್ಕೆ ಗಮ್ಮು ಹಾಕಬೇಡಿ ಸಾರ್, ನಿಲ್ಲಲ್ಲ. ಹೊರಗಿಂದ ಹಿಡಿದುಕೊಳ್ಳೋಕೆ ಏನಾದ್ರೂ ಬೇಕು. ಕೆಜಿಎಫ್‌ನಲ್ಲಿ ಯಾರಾದ್ರೂ ಟರ್ನರ್ ಹತ್ರ ಹೋಗಿ" ಎಂದರು. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿನ ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡವರು ಊರಲ್ಲಿ ಇನ್ನೂ ಇದ್ದಾರೆ. ಅಂಥ ಒಬ್ಬರು ಮನೆಯ ಹಿಂದೆ ಸಣ್ಣ ಲೇತ್ ಇಟ್ಟುಕೊಂಡಿದ್ದರು. ಗೇರಿನ ಕುತ್ತಿಗೆಗೆ ಕೂರುವಂತೆ ಕಾಗದದಷ್ಟು ತೆಳುವಾದ ಹಿತ್ತಾಳೆಯ ಬಳೆ ತಿರುವಿ, ಒತ್ತಿ ಕೂರಿಸಿ ಕೊಟ್ಟರು. ಸೀಳು ಮುಚ್ಚಿಕೊಂಡಿತು. ದುಡ್ಡು ತಗೊಳ್ಳಿ ಅಣ್ಣಾ ಎಂದರೆ, "ರೈಲು ಓಡ್ತಾ ಇರೋದು ತೋರಿಸಪ್ಪ, ಸಾಕು" ಎಂದರು. ಫೋನಿನಲ್ಲಿ ವಿಡಿಯೋ ತೆಗೆದು ತೋರಿಸಿ ಬಂದೆ. ಆ ಬಳೆಯ ಮೇಲೆ ಎಂಜಿನ್ 14 ತಿಂಗಳು ಓಡಿತು. ಅಷ್ಟರಲ್ಲಿ ಅಕ್ಕನ ಮಗ ಒಂದು ಹಳೆಯ, ಮೋಟಾರ್ ಸುಟ್ಟ ಎಂಜಿನ್ ಹುಡುಕಿ ಗೇರಿಗಾಗಿಯೇ ಕೊಂಡುಕೊಟ್ಟ. 6 ಯೂರೋ ಭಾಗಕ್ಕೆ 55 ಯೂರೋ ಹೋಯಿತು.

ಆಗಲೇ ನನಗೆ ಒಂದು ವಿಷಯ ಖಚಿತವಾದದ್ದು. ಬೆಲೆ ಏರಿದೆ ಎಂದು ನಾವೆಲ್ಲ ಗೋಳಾಡುತ್ತೇವೆ, ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಕೊಡುತ್ತಿರುವುದು ಮಾಲು ಸಿಗದಿರುವುದು. ದುಡ್ಡಾದರೆ ಕೂಡಿಡಬಹುದು. ತಯಾರೇ ಆಗದ ಗೇರನ್ನು ಎಷ್ಟು ಕೂಡಿಟ್ಟರೂ ತರಲಾಗದು.

ಹೀಗೇಕೆ ಎಂದರೆ, ಯುರೋಪಿನ ಮತ್ತು ಅಮೆರಿಕದ ಹಲವು ಬ್ರ್ಯಾಂಡ್‌ಗಳು ಎಂಜಿನ್ ಮಾಡಿಸುವುದು ಚೀನಾದಲ್ಲಿ. ಬ್ರಿಟನ್ನಿನ ಹಾರ್ನ್‌ಬಿ 1990ರ ದಶಕದಲ್ಲೇ ತಯಾರಿಕೆಯನ್ನು ಅಲ್ಲಿಗೆ ಸಾಗಿಸಿತು. ಆಗ ಕೂಲಿ ಅಗ್ಗ. ಆ ಉಳಿತಾಯದಲ್ಲಿ ಎಂಜಿನ್ನಿನ ಮೇಲೆ ಬೇರೆ ಬೇರೆಯಾಗಿ ಕೂರಿಸಿದ ಹಿಡಿಗಂಬಿ, ಪೈಪು, ದೀಪ, ಕೈಯಿಂದ ಒತ್ತಿದ ಅಕ್ಷರ ಎಲ್ಲ ಬಂತು. ಇವೆಲ್ಲ ಕೈಕೆಲಸ. ಈಗ ಅಲ್ಲಿನ ಕೂಲಿ ಏರಿದೆ, ಆದರೆ ನಾವು ಆ ಸೂಕ್ಷ್ಮ ಕೆಲಸಕ್ಕೆ ಒಗ್ಗಿಹೋಗಿದ್ದೇವೆ. ಕಾರ್ಖಾನೆಗಳ ಸಂಖ್ಯೆಯೂ ಕಡಿಮೆ. ಹಲವು ಬ್ರ್ಯಾಂಡ್‌ಗಳಿಗೆ ಮಾಡಿಕೊಡುತ್ತಿದ್ದ ಸಾಂಡಾ ಕಾನ್ ಎಂಬ ಕಾರ್ಖಾನೆಯನ್ನು ಬಾಕ್‌ಮನ್ ಬ್ರ್ಯಾಂಡಿನ ಒಡೆಯರಾದ ಕಾಡರ್ ಸಮೂಹ ಕೊಂಡ ಮೇಲೆ ಉಳಿದ ಕಂಪನಿಗಳು ಸರದಿಯಲ್ಲಿ ನಿಲ್ಲುವಂತಾಯಿತು. ಹಾಗಾಗಿ ಒಂದು ಎಂಜಿನ್ ಎಂದರೆ ಒಂದು ಸಣ್ಣ ಬ್ಯಾಚ್, ಮುಂಗಡ ಬುಕಿಂಗ್ ಎಷ್ಟು ಬಂತೋ ಅಷ್ಟರ ಮೇಲೆ ಸ್ವಲ್ಪ. ಮಾರಿ ಮುಗಿದರೆ ಮತ್ತೆ ತಯಾರಿಕೆಯ ಅಚ್ಚು (ಮೋಲ್ಡ್) ಹೊರಗೆ ಬರುವುದು ಎಷ್ಟೋ ವರ್ಷಕ್ಕೆ. ಅಂಗಡಿಗೆ ಹೋಗಿ ನೋಡಿ, ಕೈಯಲ್ಲಿ ಹಿಡಿದು ಕೊಳ್ಳುವ ಕಾಲ ಹೋಯಿತು.

ನಮ್ಮ ದೇಶದ ಲೆಕ್ಕ ಇದರ ಮೇಲೆ ಬೇರೆ. ಸುಂಕದ ಪಟ್ಟಿಯಲ್ಲಿ ಮಾದರಿ ರೈಲು ಆಟಿಕೆಗಳ ಜೊತೆಗೇ ಕೂರುತ್ತದೆ. ಆಟಿಕೆಯ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಅಂಗಡಿಯವರು 10,000 ರೂಪಾಯಿಯ ಎಂಜಿನ್ ತರಿಸಿದರೆ ಬಂದರಿನಲ್ಲೇ ಅದು 17,000, ಆಮೇಲೆ ಜಿಎಸ್‌ಟಿ, ಆಮೇಲೆ ಅವರ ಲಾಭ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತೂ ಕಡ್ಡಾಯ. ಆ ನಿಯಮ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಮಾಡಿದ್ದು, ನಮ್ಮ ಪೆಟ್ಟಿಗೆಗಳ ಮೇಲೆ 14ಕ್ಕೆ ಮೇಲ್ಪಟ್ಟವರಿಗೆ ಎಂದೇ ಬರೆದಿರುತ್ತದೆ. ಆದರೂ ಬೆಂಗಳೂರಿನಲ್ಲಿ ನಾನು ಹಳಿ ಕೊಳ್ಳುತ್ತಿದ್ದ ಅಂಗಡಿಯವರು, ಪ್ರತಿ ಪಾರ್ಸೆಲ್‌ಗೂ ಇದನ್ನು ವಿವರಿಸಿ ಬಿಡಿಸಿಕೊಳ್ಳುವುದು ಆಗದ ಕೆಲಸ ಎಂದು ಎಂಜಿನ್ ತರಿಸುವುದನ್ನೇ ಬಿಟ್ಟರು. ಮಕ್ಕಳ ಬಾಯಿಗೆ ಹೋಗುವ ಅಗ್ಗದ ಪ್ಲಾಸ್ಟಿಕ್ ತಡೆಯಬೇಕು, ಚನ್ನಪಟ್ಟಣದ ಕುಶಲಿಗಳು ಬದುಕಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಯಾರೂ ಮಾಡದ, ಮಕ್ಕಳಿಗಲ್ಲದ ಒಂದು ಅಳತೆಯ ಯಂತ್ರಕ್ಕೂ ಅದೇ ತಕ್ಕಡಿ ಹಿಡಿದರೆ, ಇಂಥ ಊರುಗಳಲ್ಲಿ ಈ ಹವ್ಯಾಸ ಒಬ್ಬಿಬ್ಬರಲ್ಲೇ ನಿಂತುಹೋಗುತ್ತದೆ. ನನ್ನ ಬಳಿ ಬರುವ ಮಕ್ಕಳಲ್ಲಿ ಇಬ್ಬರಿಗೆ ವೈರಿಂಗ್ ನನಗಿಂತ ಚೆನ್ನಾಗಿ ಬರುತ್ತದೆ. ಅವರಿಗೆ ಸ್ವಂತದ್ದೊಂದು ಎಂಜಿನ್ ಎಂದರೆ ಅವರಪ್ಪನ ಎರಡು ತಿಂಗಳ ದುಡಿಮೆ.

ಆದ್ದರಿಂದ ಕೊಳ್ಳುವವರಿಗೆ ನನ್ನ ಮಾತು ಇದು. ದುಡ್ಡಿದ್ದು, ತಂದುಕೊಡುವವರಿದ್ದರೆ ಈ ಎಂಜಿನ್ ತೆಗೆದುಕೊಳ್ಳಿ. ಓಟ, ಮೋಟಾರ್, ಬಣ್ಣ ಎಲ್ಲದರಲ್ಲೂ ಹತ್ತು ವರ್ಷ ತಡೆದಿದೆ. ಆದರೆ ಕೊಂಡ ದಿನವೇ ಗೇರ್, ರಬ್ಬರ್ ಉಂಗುರ, ಮೋಟಾರ್ ಬ್ರಷ್ ಒಂದೊಂದು ಜೊತೆ ತರಿಸಿ ಡಬ್ಬಿಯಲ್ಲಿಡಿ. ಮಾಲು ಇರುವಾಗ ಅವು ಸಿಗುತ್ತವೆ, ಬೇಕಾದಾಗ ಸಿಗುವುದಿಲ್ಲ. ಸದ್ದು ಮಾಡುವ ಚಿಪ್ ಇರುವ ಮಾದರಿಗೆ ಇನ್ನೂ ನೂರರ ಹತ್ತಿರ ಯೂರೋ ಕೇಳುತ್ತಾರೆ, ನನ್ನ ಕಿವಿಗೆ ಅದು ಬೇಕೆನಿಸಿಲ್ಲ.

ಹೊಸದಾಗಿ ಶುರು ಮಾಡುವವರು ಈ ದಾರಿಗೆ ಬರಲೇಬೇಡಿ. ಜಪಾನಿನ ಕಾಟೋ ಕಂಪನಿ ಎನ್ ಅಳತೆಗೆ ಪುಟ್ಟ ಮೋಟಾರ್ ಚಾಸಿ, ಅಂದರೆ ಚಕ್ರ ಮತ್ತು ಮೋಟಾರ್ ಇರುವ ತಳ, ಮಾರುತ್ತದೆ, 9 ಮಿಲಿಮೀಟರ್ ಹಳಿಯದೇ. ಈ ಎಂಜಿನ್ನಿನ ಬೆಲೆಯಲ್ಲಿ ಅಂಥವು ಹಲವು ಬರುತ್ತವೆ, ಓಟವೂ ನುಣುಪು. ಮೇಲಿನ ಮೈಯನ್ನು ನಾವೇ ಮಾಡಿಕೊಳ್ಳಬಹುದು. ಹೋದ ವರ್ಷ ನಾನೂ ಆ ಇಬ್ಬರು ಹುಡುಗರೂ ಸೇರಿ ರೈಲ್ ಬಸ್ಸಿನ ಆಕಾರವನ್ನು ಕಂಪ್ಯೂಟರ್‌ನಲ್ಲಿ ಬರೆದು ಬೆಂಗಳೂರಿನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದೆವು. ಪ್ರಿಂಟಿಗೆ 900 ರೂಪಾಯಿ. ನಿಜವಾದ ರೈಲ್ ಬಸ್ ಓಡಿದ್ದು ಬ್ರಾಡ್‌ಗೇಜಿನಲ್ಲಿ, ನಮ್ಮದು ಚಿಕ್ಕ ಹಳಿಯ ಮೇಲೆ ಓಡುತ್ತದೆ. ಮೊದಲ ಪ್ರಯತ್ನಕ್ಕೆ ಅಷ್ಟು ಬಿಟ್ಟುಕೊಟ್ಟೆವು. ಕಿಟಕಿಯ ಅಂಚು ಒರಟು, ಎರಡು ಕೋಟ್ ಪ್ರೈಮರ್ ಬೇಕಾಯಿತು. ಆದರೆ ಅದು ನಮ್ಮ ಊರಿನ ಬಂಡಿ.

ಈ ಎಂಜಿನ್ನಿನ ಮುಂದಿನ ಬ್ಯಾಚಿಗೆ ಮುಂಗಡ ಬುಕಿಂಗ್ ಈಗ ತೆರೆದಿದೆ. ಅಕ್ಕನ ಮಗ ಫೋನ್ ಮಾಡಿ, "ಮಾವ, ಒಂದು ಹಾಕಿಬಿಡ್ಲಾ?" ಎಂದು ಕೇಳಿದ. ಬೇಡ, ಗೇರ್ ಮಾತ್ರ ಸಿಕ್ಕರೆ ನಾಲ್ಕು ಹಾಕು ಎಂದೆ. ಉಳಿದ ದುಡ್ಡಿನಲ್ಲಿ ಎರಡು ಚಾಸಿ ಬರುತ್ತವೆ, ಒಂದೊಂದು ಆ ಹುಡುಗರಿಗೆ. ಸ್ಟೇಷನ್ನಿನಲ್ಲಿ ನೀರು ಕುಡಿಯುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದ ಆ ಎಂಜಿನ್ನಿನ ಉದ್ದಗಲ ಅಂದಾಜಿಸಲು ಹಳೆಯ ಫೋಟೋಗಳನ್ನು ಹುಡುಕುತ್ತಿದ್ದೇವೆ. ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಯಾರ ಮನೆಯಲ್ಲಾದರೂ ಚಿಕ್ಕ ರೈಲಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ದಯವಿಟ್ಟು ತಿಳಿಸಿ. ಪಕ್ಕದಲ್ಲಿ ಮನುಷ್ಯರು ನಿಂತಿದ್ದರೆ ಇನ್ನೂ ಒಳ್ಳೆಯದು, ಎತ್ತರ ಅಳೆಯಲು ಆಗುತ್ತದೆ.