380 ಮ್ಯಾಚಿನ ಫುಟ್ಬಾಲ್ ಪ್ಯಾಕು, ನಾನು ನೋಡಿದ್ದು 36

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬು ಆರ್ಸೆನಲ್ ಕಡೆಯವನು. ದುಡ್ಡು ಕೊಟ್ಟು ಹೊಟ್ಟೆ ಉರಿಸಿಕೊಳ್ಳುವುದು ನನಗೆ ಹೊಸದಲ್ಲ. 2023, 2024, 2025, ಮೂರು ವರ್ಷವೂ ಅಲ್ಲಿನ ದೊಡ್ಡ ಲೀಗಾದ ಪ್ರೀಮಿಯರ್ ಲೀಗಿನಲ್ಲಿ ಸಾಲಾಗಿ ಎರಡನೇ ಸ್ಥಾನ. ಅದರಲ್ಲಿ 2024-25ರ ಸೀಸನ್ನಿಗೆ, ಆ ಲೀಗಿನ ಮ್ಯಾಚು ಲೈವ್ ತೋರಿಸುವ ಆ್ಯಪಿನಲ್ಲಿ ವರ್ಷದ ಪ್ಯಾಕು ಹಾಕಿಸಿ ನೋಡಿದೆ. ಪ್ಯಾಕಿನ ದುಡ್ಡು ವಸೂಲಾಗುತ್ತಾ ಇಲ್ವಾ ಅಂತ ಎಲ್ಲರೂ ವಾದ ಮಾಡುತ್ತಾರಲ್ಲ, ಒಮ್ಮೆ ಲೆಕ್ಕ ಹಾಕಿಯೇ ನೋಡೋಣ ಅನ್ನಿಸಿತು. ಹಳೆ ಡೈರಿಯ ಕೊನೆ ಪುಟದಲ್ಲಿ ಮ್ಯಾಚಿಗೊಂದು ಗೀಟು ಎಳೆಯುತ್ತಾ ಬಂದೆ. ಪೂರ್ತಿ ನೋಡಿದ್ದಕ್ಕೆ ಉದ್ದ ಗೀಟು, ಮಧ್ಯದಲ್ಲೇ ಎದ್ದು ಹೋಗಿದ್ದಕ್ಕೆ ಗಿಡ್ಡ ಗೀಟು.

ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿರುವುದು 380. ಪ್ರೀಮಿಯರ್ ಲೀಗಿನಲ್ಲಿ 20 ತಂಡ, ಪ್ರತಿ ತಂಡಕ್ಕೆ 38 ಮ್ಯಾಚು, ಒಟ್ಟು 380. ಸರಿ, ಸುಳ್ಳೇನಿಲ್ಲ. ಆದರೆ ಮೇ ತಿಂಗಳಲ್ಲಿ ನನ್ನ ಗೀಟು ಎಣಿಸಿದರೆ ಆರ್ಸೆನಲ್ ಮ್ಯಾಚು ಉದ್ದದ್ದು 21, ಗಿಡ್ಡದ್ದು 6. ಬೇರೆ ತಂಡಗಳದ್ದು 9. ಎಲ್ಲಾ ಸೇರಿ 36. ಹತ್ತರಲ್ಲಿ ಒಂದು ಪಾಲೂ ಇಲ್ಲ! ನಾನು ಸೋಮಾರಿ ಅಭಿಮಾನಿಯೂ ಅಲ್ಲ, ಜ್ವರದಲ್ಲೂ ಎದ್ದು ಕೂತು ನೋಡಿದವನು. ಹಾಗಾಗಿ ಪ್ಯಾಕಿನ ದುಡ್ಡನ್ನು 380ರಿಂದ ಭಾಗಿಸಿ ಖುಷಿಪಡಬೇಡಿ. ನೀವು ನಿಜವಾಗಿ ಕೂತು ನೋಡುವ ಮ್ಯಾಚು ಎಷ್ಟೋ ಅಷ್ಟರಿಂದ ಭಾಗಿಸಿ. ಆಗ ಬರುವ ಸಂಖ್ಯೆ ನೋಡಿಯೂ ಕಟ್ಟಬೇಕು ಅನ್ನಿಸಿದರೆ ಕಟ್ಟಿ.

ತಮಾಷೆ ಅಂದ್ರೆ, ಅಷ್ಟೂ ಮ್ಯಾಚು ಇಂಗ್ಲೆಂಡಿನಲ್ಲಿ ಇರುವವರಿಗೇ ಸಿಗಲ್ಲ. ಅಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಟಿವಿಯಲ್ಲಿ ಲೈವ್ ಫುಟ್ಬಾಲ್ ತೋರಿಸುವ ಹಾಗಿಲ್ಲ. ಜನ ಮನೆಯಲ್ಲೇ ಕೂತುಬಿಟ್ಟರೆ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿ ಹೊಡೆಯುತ್ತೆ ಅಂತ ಮಾಡಿದ ಹಳೆಯ ನಿಯಮ. ಮೈದಾನದಿಂದ ಎರಡು ಬೀದಿ ಆಚೆ ಇರುವವನಿಗೆ ಕಾಣದ ಮ್ಯಾಚನ್ನು ಸಮುದ್ರದಾಚೆ ಕೂತವನು ಆರಾಮಾಗಿ ನೋಡುತ್ತಾನೆ.

ಪ್ಯಾಕು ಒಂದೇ ಅಂದುಕೊಂಡರೆ ಅದೂ ಅಲ್ಲ. ಲೀಗು ಒಬ್ಬರ ಹತ್ತಿರ, ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗು ಇನ್ನೊಬ್ಬರ ಹತ್ತಿರ, ಇಂಗ್ಲೆಂಡಿನದೇ ಇನ್ನೊಂದು ಟೂರ್ನಿ ಎಫ್ಎ ಕಪ್ಪು ಎಲ್ಲಿ ಬರುತ್ತೆ ಅಂತ ಹುಡುಕುವಷ್ಟರಲ್ಲಿ ಮೊದಲ ಹಾಫ್ ಮುಗಿದಿರುತ್ತೆ. ನಾನು ಚಾಂಪಿಯನ್ಸ್ ಲೀಗಿಗೆ ಬೇರೆ ದುಡ್ಡು ಕಟ್ಟಿದೆ. ಅದು ಆ ವರ್ಷದಿಂದ 36 ತಂಡ, 189 ಮ್ಯಾಚಿಗೆ ಹಿಗ್ಗಿದೆ. ಜನವರಿ 29ರ ರಾತ್ರಿ ಒಂದೇ ಹೊತ್ತಿಗೆ 18 ಮ್ಯಾಚು ಶುರುವಾದವು. ಹದಿನೆಂಟು! ಇರೋದು ಎರಡು ಕಣ್ಣು. ನಾನು ಜಿರೋನಾ ಜೊತೆಗಿನ ನಮ್ಮ ಮ್ಯಾಚು ಹಾಕಿಕೊಂಡು ಕೂತೆ, 2-1ರಲ್ಲಿ ಗೆದ್ದೆವು, ಆದರೆ ಆವತ್ತಿನ ನಿಜವಾದ ಮಜಾ ಇದ್ದದ್ದು ಮ್ಯಾಂಚೆಸ್ಟರ್ ಸಿಟಿ ಮ್ಯಾಚಿನಲ್ಲಿ. ಕ್ಲಬ್ ಬ್ರೂಜ್ ಎದುರು ಹಾಫ್ ಟೈಮಿಗೆ ಹಿಂದೆ ಬಿದ್ದು, ಟೂರ್ನಿಯಿಂದಲೇ ಹೊರಗೆ ಹೋಗುವ ಹಾಗಿದ್ದವರು 3-1ಕ್ಕೆ ಗೆದ್ದು ಉಳಿದುಕೊಂಡರು. ನಾನು ಅದನ್ನು ನೋಡಿದ್ದು ಮರುದಿನ, ಪುಕ್ಕಟೆ ಹೈಲೈಟ್ಸಿನಲ್ಲಿ.

ಇನ್ನು ಸ್ಟ್ರೀಮಿಂಗ್ ವಿಷಯ. ಚಿತ್ರ ಚೆನ್ನಾಗಿತ್ತು, ನಡುವೆ ನಿಂತಿದ್ದು ಕಮ್ಮಿ. ತೊಂದರೆ ಏನಂದ್ರೆ ಅದು ನಿಜವಾದ ಆಟಕ್ಕಿಂತ ಹಿಂದೆ ಓಡುತ್ತೆ. ಒಂದು ಸಂಜೆ 87ನೇ ನಿಮಿಷ, ಸಮ ಸಮ, ನಮಗೆ ಕಾರ್ನರ್. ನಮ್ಮವರು ಕಾರ್ನರ್‌ನಲ್ಲಿ ಗೋಲು ಹೊಡೆಯೋದು ಜಾಸ್ತಿ, ಹಾಗಾಗಿ ಕುರ್ಚಿಯ ತುದಿಗೆ ಬಂದು ಕೂತಿದ್ದೇನೆ. ಬಾವುಟದ ಹತ್ತಿರ ಆಟಗಾರ ಬಗ್ಗಿ ಚೆಂಡನ್ನು ಇಡುತ್ತಿದ್ದಾನೆ, ಒಂಚೂರು ಆಚೆ, ಒಂಚೂರು ಈಚೆ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಗುರ್ ಅಂದಿತು. ಡಿಶ್ಶಿನಲ್ಲಿ ನೋಡುವ ಗೆಳೆಯನ ಮೆಸೇಜು: 'ಗೋಲ್ಲ್ಲ್'. ನನ್ನ ಟಿವಿಯಲ್ಲಿ ಅವನಿನ್ನೂ ಚೆಂಡು ಇಡುತ್ತಲೇ ಇದ್ದಾನೆ. ಗೋಲು ಬಂತು, ನಾನು ಕೂತಲ್ಲೇ ತಲೆ ಅಲ್ಲಾಡಿಸಿದೆ, ಬಿಲ್ಲು ಸರಿ ಇದೆ ಅಂತ ನೋಡುವವನ ಹಾಗೆ.

ಲೈವ್ ತಪ್ಪಿದರೆ ಆಮೇಲೆ ನೋಡಬಹುದು ಅಂತಾರೆ. ನೋಡಬಹುದು, ನಿಜ. ನಾನು ಹಾಕಿಸಿದ್ದ ಆ್ಯಪಿನಲ್ಲಿ ರೀಪ್ಲೇ ತೆರೆಯಲು ಹೋದರೆ ಮೊದಲು ಕಾಣುವುದು ಗೆದ್ದವರು ತಬ್ಬಿಕೊಂಡು ಕುಣಿಯುವ ಫೋಟೊ. ಅದರ ಕೆಳಗೆ ಸ್ಕೋರು ಬೇರೆ. ಇಡೀ ದಿನ ಯಾರ ಹತ್ತಿರವೂ ಮಾತಾಡದೆ, ಫೋನು ಮುಟ್ಟದೆ ಕಾಪಾಡಿಕೊಂಡು ಬಂದಿದ್ದು ಎಲ್ಲಾ ನೀರಲ್ಲಿ ಹೋಮ.

ಆಟೋ ರಿನ್ಯೂವಲ್ ಬಗ್ಗೆಯೂ ಹುಷಾರು. ಅದಕ್ಕೂ ಹಿಂದಿನ ವರ್ಷ ತಿಂಗಳ ಪ್ಯಾಕು ಇತ್ತು, ನಿಲ್ಲಿಸೋದು ಮರೆತೆ. ಜೂನ್, ಜುಲೈ ಎರಡೂ ತಿಂಗಳು ಸುಮ್ನೆ ದುಡ್ಡು ಹೋಯಿತು, ಮೈದಾನದಲ್ಲಿ ಹುಲ್ಲು ಬೆಳೆಯುತ್ತಿತ್ತು ಅಷ್ಟೆ. ಲೀಗು ನಡೆಯುವುದು ಆಗಸ್ಟಿನಿಂದ ಮೇವರೆಗೆ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಮಾರ್ಚಿನಲ್ಲಿ ದೇಶಗಳ ಮ್ಯಾಚಿಗೆ ಅಂತ ಬಿಡುವು ಕೊಡುತ್ತಾರೆ. ಹಾಗಾಗಿ ವರ್ಷದ ಪ್ಯಾಕು ಅಂದರೆ ಹತ್ತು ತಿಂಗಳದ್ದು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಇಷ್ಟು ಬೈದ ಮೇಲೂ ಲೈವಿಗೆ ಲೈವೇ. 2012ರ ಮೇ 13, ಲೀಗಿನ ಕೊನೆ ದಿನದ ಮ್ಯಾಚು ನೆನಪಿದೆಯಾ? ಮ್ಯಾಂಚೆಸ್ಟರ್ ಸಿಟಿ 90 ನಿಮಿಷಕ್ಕೆ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎದುರು 1-2ರಲ್ಲಿ ಹಿಂದೆ. ಸಿಟಿಯ ಜೆಕೊ ಒಂದು ಹೊಡೆದು ಸಮ ಮಾಡಿದ, 93 ನಿಮಿಷ 20 ಸೆಕೆಂಡಿಗೆ ಅಗ್ವೆರೊ ಇನ್ನೊಂದು. ಆ ಕಡೆ ತಮ್ಮ ಮ್ಯಾಚು ಗೆದ್ದು ಕಾಯುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಕೈಯಿಂದ ಟ್ರೋಫಿ ಜಾರಿತು. ಅಗ್ವೆರೊ ಗೋಲನ್ನು ಇವತ್ತು ಯಾರು ಬೇಕಾದರೂ ಪುಕ್ಕಟೆ ನೋಡಬಹುದು, ನೂರು ಸಲ ನೋಡಬಹುದು. ಆದರೆ ಅದಕ್ಕೂ ಮುಂಚಿನ ಆ ಇಪ್ಪತ್ತು ನಿಮಿಷ, ಏನೂ ಆಗದೆ ಉಗುರು ಕಚ್ಚಿಕೊಂಡು ಕೂತಿದ್ದು, ಅದು ಹೈಲೈಟ್ಸಿನಲ್ಲಿ ಬರಲ್ಲ. ಮೂರು ನಿಮಿಷಕ್ಕೆ ಕತ್ತರಿಸಿದರೆ ಎಂಥ ಕಳಪೆ ಮ್ಯಾಚೂ ಸಕತ್ತಾಗಿ ಕಾಣುತ್ತೆ. ಪ್ಯಾಕಿಗೆ ಕಟ್ಟುವ ದುಡ್ಡು ಹೆಚ್ಚಾಗಿ ಬೇಜಾರಿನ 0-0 ಮ್ಯಾಚುಗಳಿಗೇ ಹೋಗುತ್ತೆ ಅನ್ನಿ. ಆ ಬೇಜಾರನ್ನು ತಡೆದುಕೊಳ್ಳುವಷ್ಟು ಹುಚ್ಚು ನಿಮಗಿದ್ದರೆ ಪ್ಯಾಕು ನಿಮಗೇ. ತಂಡ ಯಾವುದಾದರೇನು, ಒಳ್ಳೆ ಗೋಲು ನೋಡಿದರೆ ಸಾಕು ಅನ್ನುವವರಿಗೆ ಹೈಲೈಟ್ಸು ಧಾರಾಳ ಸಾಕು. ವಿಶ್ವಕಪ್ಪು ಬಂದಾಗ ಮಾತ್ರ ಫುಟ್ಬಾಲ್ ನೆನಪಾಗುವವರು ಆ ಒಂದು ತಿಂಗಳಿಗೆ ಹಾಕಿಸಿಕೊಂಡರೆ ಮುಗಿಯಿತು.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು. ಒಂದು ಆ ರೀಪ್ಲೇ ಫೋಟೊಗೆ ಕಟ್, ಇನ್ನೊಂದು ಹಿಂದೆ ಓಡುವುದಕ್ಕೆ. ಈಗ ತಿಂಗಳ ಪ್ಯಾಕು ಹಾಕಿಸಿದ್ದೇನೆ, ಹಾಕಿಸಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿದ್ದೇನೆ. ಮ್ಯಾಚಿನ ಹೊತ್ತಿಗೆ ಫೋನು ಪಕ್ಕದ ರೂಮಿನಲ್ಲಿ, ದಿಂಬಿನ ಕೆಳಗೆ.