ಬಚ್ಚಲಮನೆ ಒಳಗೆ ಗ್ಯಾಸ್ ಗೀಸರ್ ಕೂರಿಸ್ಬೇಡಿ

ಬಚ್ಚಲ ಒಲೆ ಜೊತೆಗೆ ಮಳೆಗಾಲಕ್ಕೆ ಇನ್ನೊಂದು ವ್ಯವಸ್ಥೆ ಇರ್ಲಿ ಅಂತ ಗ್ಯಾಸ್ ಗೀಸರ್ ತಗೊಳ್ಳೋರು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಬಹಳ ಜನ ಇದ್ದೀರಿ, ದಯವಿಟ್ಟು ಇದನ್ನ ಪೂರ್ತಿ ಓದಿ. ನಮ್ಮನೇಲಿ ತಂಗಿ ಜೀವ ಸ್ವಲ್ಪದ್ರಲ್ಲಿ ಉಳಿದಿದೆ.

ನಮ್ಮ ಕಡೆ ಕಷ್ಟ ಗೊತ್ತಲ್ಲ, ಜೂನ್ ಬಂತು ಅಂದ್ರೆ ಕಟ್ಟಿಗೆ ಎಷ್ಟೇ ಮುಚ್ಚಿಟ್ರೂ ತೇವ ಎಳ್ಕೊಳ್ತದೆ, ಅಡಿಕೆ ಸಿಪ್ಪೆ ತುಂಬಿದ್ರೂ ಬರೀ ಹೊಗೆ, ಹಂಡೆ ನೀರು ಕಾಯೋದ್ರೊಳಗೆ ಮಕ್ಕಳ ಬಸ್ಸು ಹೋಗಿರ್ತದೆ. ಆಯಿಗೆ ಈಗ ಬಗ್ಗಿ ಒಲೆ ಊದೋಕೂ ಆಗೋದಿಲ್ಲ. ಸೋಲಾರ್ ಅಂದ್ರೆ ಬಿಸಿಲೇ ಇಲ್ಲ, ಗಾಳಿ ಬಂದ್ರೆ ಕರೆಂಟ್ ಇಲ್ಲ. ಗ್ಯಾಸ್ ಗೀಸರಿಗಾದ್ರೆ ಸೆಲ್ ಹಾಕಿದ್ರೆ ಸಾಕು, ನಲ್ಲಿ ತಿರುಗಿಸಿದ ಕೂಡ್ಲೆ ಬಿಸಿನೀರು. ಅದಕ್ಕೇ ತಂದಿದ್ದು. ಅಂಗಡಿಯವ್ರು ಕಳಿಸಿದ ಹುಡುಗ ಹೊಸ ಬಾತ್‌ರೂಮ್ ಒಳಗೇ, ನಲ್ಲಿ ಮೇಲಿನ ಗೋಡೆಗೆ ಹೊಡೆದ. ಹೊಗೆ ಹೋಗೋ ಪೈಪ್ ಎಲ್ಲಿ ಅಂತ ಅಪ್ಪಯ್ಯ ಕೇಳಿದ್ದಕ್ಕೆ "ಇದ್ರಲ್ಲಿ ಹೊಗೆನೇ ಬರೋದಿಲ್ಲ ಹೆಗಡೇರೆ, ಎಲ್ಲಾ ಕಡೆ ಹಿಂಗೇ ಹಾಕೋದು" ಅಂದ.

ಆಷಾಢಕ್ಕೆ ಬಂದ ತಂಗಿ ತಲೆಸ್ನಾನಕ್ಕೆ ಹೋದಳು. ಮಳೆ ಎರಚ್ತದೆ ಅಂತ ಕಿಟಕಿ ಗಾಜು ಎಳೆದಿತ್ತು. ನೀರು ಬೀಳೋ ಶಬ್ದ ಬರ್ತಾನೇ ಇದೆ, ಕೂಗಿದ್ರೆ ಉತ್ತರ ಇಲ್ಲ. ಬಾಗಿಲು ಒದ್ದು ತೆಗೆದ್ರೆ ಗೋಡೆಗೆ ಒರಗಿ ಕೂತಿದಾಳೆ, ಕಣ್ಣು ಅರ್ಧ ತೆರೆದಿದೆ, ಚೊಂಬು ಇನ್ನೂ ಕೈಲೇ ಇದೆ, ಬಕೆಟ್ ತುಂಬಿ ನೀರು ಹರೀತಿದೆ. ಗೀಸರಿನ ಕಿಂಡಿಲಿ ನೀಲಿ ಇರ್ಬೇಕಾದ ಬೆಂಕಿ ಹಳದಿ ಆಗಿತ್ತು. ವಾಸನೆ ಅನ್ನೋದು ಒಂಚೂರೂ ಇಲ್ಲ.

ಶಿರಸಿಗೆ ಕರ್ಕೊಂಡು ಹೋದ್ರೆ ಬೆರಳಿಗೆ ಹಾಕೋ ಆಕ್ಸಿಮೀಟರಲ್ಲಿ 98 ತೋರಿಸ್ತು, ನಮಗೆ ಸಮಾಧಾನ ಆಯ್ತು, ಆದ್ರೆ ಡಾಕ್ಟರು ಆ ನಂಬರ್ ನಂಬಲೇ ಇಲ್ಲ, ಗ್ಯಾಸ್ ಗೀಸರಾ ಅಂತ ಕೇಳಿ ಸೀದಾ ಆಕ್ಸಿಜನ್ ಮಾಸ್ಕ್ ಹಾಕಿಸಿದ್ರು. ಇದು ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟ್ಕೊಳ್ತದೆ, ಬೆರಳಿನ ಮಷಿನ್‌ಗೆ ಎರಡರ ವ್ಯತ್ಯಾಸ ಗೊತ್ತಾಗೋದಿಲ್ಲ, ರಕ್ತ ತೆಗೆದೇ ಟೆಸ್ಟ್ ಮಾಡ್ಬೇಕು. ಸುಮ್ನೆ ಹೊರಗಿನ ಗಾಳಿಲಿ ಇದ್ರೆ ಅದು ಅರ್ಧ ಇಳಿಯೋಕೆ 4–5 ಗಂಟೆ ಬೇಕು, ಆಕ್ಸಿಜನ್ ಕೊಟ್ರೆ ಸುಮಾರು ಒಂದೂವರೆ ಗಂಟೆ ಒಳಗೆ ಅಷ್ಟು ಇಳೀತದೆ.

ಗ್ಯಾಸ್ ಲೀಕ್ ಆದ್ರೆ ವಾಸನೆ ಬರ್ತದಲ್ಲ ಅಂತ ಎಲ್ಲರೂ ಹೇಳ್ತಾರೆ. ಬರ್ತದೆ, ಯಾಕಂದ್ರೆ ಎಲ್‌ಪಿಜಿಗೆ ವಾಸನೆ ಬೇಕಂತಲೇ ಸೇರಿಸಿರ್ತಾರೆ. ಇಲ್ಲಿ ಲೀಕೇ ಆಗಿಲ್ಲ. ಮುಚ್ಚಿದ ಕೋಣೇಲಿ ಬೆಂಕಿ ಆಮ್ಲಜನಕ ತಿಂದು ಮುಗಿಸ್ತಾ ಬಂದ ಹಾಗೆ ಸರಿಯಾಗಿ ಉರಿಯೋದು ನಿಲ್ತದೆ, ಆಗ ಈ ವಿಷ ಹುಟ್ತದೆ. ನಮ್ಮ ಕಟ್ಟಿಗೆ ಒಲೆಲೂ ಇದು ಬರ್ತದೆ, ಆದ್ರೆ ಹಳೇ ಬಚ್ಚಲಿಗೆ ಹಂಚಿನ ಮಾಡು, ಸಂದಿ ಸಂದಿಲೂ ಗಾಳಿ, ಮೇಲಾಗಿ ಹೊಗೆಗೆ ಕಣ್ಣುರಿ ತಡೀಲಾರದೆ ನಾವೇ ಹೊರಗೆ ಓಡ್ತೇವೆ. ಸ್ಲ್ಯಾಬ್ ಹಾಕಿ ಟೈಲ್ಸ್ ಅಂಟಿಸಿದ ಬಾತ್‌ರೂಮಲ್ಲಿ ಓಡಿಸೋಕೆ ಹೊಗೆ ಇಲ್ಲ, ತಲೆ ಭಾರ ಆಗ್ತದೆ, ವಾಕರಿಕೆ ಬರ್ತದೆ, ಏಳ್ಬೇಕು ಅನ್ನೋದ್ರೊಳಗೆ ಕಾಲು ಸೋತಿರ್ತದೆ.

ಅಂಗಡಿಯವ್ರನ್ನ ಕೇಳಿದ್ರೆ ಕಿಟಕಿ ತೆಗೆದಿಡ್ಬೇಕಿತ್ತು ಅಂದ್ರು. ಕೂರಿಸುವಾಗ ಒಂದು ಮಾತೂ ಹೇಳಿರ್ಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ನನ್ನ ಕೇಳಿದ್ರೆ ಹಂಡೆ ಇರ್ಲಿ, ಜೊತೆಗೆ ಟ್ಯಾಂಕ್ ಇರೋ ಕರೆಂಟ್ ಗೀಸರ್ ಹಾಕಿ. 15 ಲೀಟರ್, 2000 ವಾಟ್‌ದು 20 ಡಿಗ್ರಿ ನೀರನ್ನ 60ಕ್ಕೆ ತರೋಕೆ ಸುಮಾರು 21 ನಿಮಿಷ ಸಾಕು, ಆಮೇಲೆ ಕರೆಂಟ್ ಹೋದ್ರೂ ನೀರು ಬಿಸಿ ಇರ್ತದೆ. ವೋಲ್ಟೇಜ್ 160ಕ್ಕೆ ಇಳಿಯೋ ಊರಲ್ಲಿ ಅದರ ಶಕ್ತಿ ಅರ್ಧ ಆಗ್ತದೆ, ಟೈಮ್ ಡಬಲ್ ಬೇಕು, ಅಷ್ಟೇ. ಅರ್ತಿಂಗ್ ಚೆಕ್ ಮಾಡ್ಸಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್) ಹಾಕ್ಸದೆ ಬಿಡ್ಬೇಡಿ. ಗ್ಯಾಸೇ ಬೇಕು ಅಂದ್ರೆ ಮಷಿನ್, ಸಿಲಿಂಡರ್ ಎರಡೂ ಗೋಡೆ ಹೊರಗೆ, ಗಾಳಿ ಆಡೋ ಜಾಗದಲ್ಲಿ, ಕಿಟಕಿ ಬುಡದಲ್ಲಂತೂ ಬೇಡ, ಒಳಗೆ ಬರೀ ನೀರಿನ ಪೈಪ್ ಬರ್ಲಿ.

ಈಗಾಗ್ಲೇ ಒಳಗೆ ಕೂರಿಸಿದವ್ರು ಹೊರಗೆ ಹಾಕ್ಸೋ ತನಕ ಬಾಗಿಲು ಕಿಟಕಿ ಎಲ್ಲಾ ತೆಗೆದಿಟ್ಟು ಬಕೆಟ್ ತುಂಬಿಸ್ಕೊಳ್ಳಿ, ಗೀಸರ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಿ. ಯಾರಾದ್ರೂ ಒಳಗೆ ಬಿದ್ರೆ ಮೊದಲು ಹೊರಗೆ ಎಳ್ಕೊಳ್ಳಿ, ಆಸ್ಪತ್ರೆಲಿ ಬರೀ ತಲೆಸುತ್ತು ಅಂತ ಹೇಳಿ ಸುಮ್ನಾಗ್ಬೇಡಿ, ಗ್ಯಾಸ್ ಗೀಸರ್ ಉರೀತಿತ್ತು ಅಂತ ಮೊದಲೇ ಹೇಳಿ.