ಐದು ವರ್ಷ ಜೂಮ್‌ನಲ್ಲಿ ಪಾಠ ಮಾಡಿದ ಮೇಲೆ: ವಿಡಿಯೊಗಿಂತ ಚಾಟ್ ಬಾಕ್ಸೇ ಜಾಸ್ತಿ ಕೆಲಸಕ್ಕೆ ಬಂತು

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. 2020ರ ಮಾರ್ಚ್‌ನಲ್ಲಿ ತರಗತಿಗಳು ಇದ್ದಕ್ಕಿದ್ದಂತೆ ನಿಂತಾಗ ಎಲ್ಲ ಮೇಷ್ಟ್ರುಗಳ ಹಾಗೆ ನಾನೂ ಲ್ಯಾಪ್‌ಟಾಪ್ ಮುಂದೆ ಕೂತೆ. ಮೊದಲ ಎರಡು ತಿಂಗಳು ಬೇರೊಂದು ಆ್ಯಪ್‌ನಲ್ಲಿ ಪಾಠ ಮಾಡಿದೆ, ಆಮೇಲೆ ಜೂಮ್‌ಗೆ ಬಂದೆ. ಅವತ್ತಿನಿಂದ ಐದು ವರ್ಷ ದಾಟಿದೆ. ಕ್ಯಾಂಪಸ್ ತೆರೆದ ಮೇಲೂ ವಾರಕ್ಕೆ ಎರಡು ತರಗತಿ ಜೂಮ್‌ನಲ್ಲೇ ಉಳಿದಿವೆ. ಒಂದೊಂದರಲ್ಲೂ ಅರವತ್ತರ ಆಸುಪಾಸು ವಿದ್ಯಾರ್ಥಿಗಳು.

ಬೇರೆ ಆ್ಯಪ್ ಯಾಕೆ ಬಿಟ್ಟೆ ಅಂತ ಮೊದಲು ಹೇಳುತ್ತೇನೆ. ಒಂದು ದಿನ ಹದಿನೆಂಟು ನಿಮಿಷ ಪಾಠ ಮಾಡಿದ್ದೆ. ಏಳನೇ ಸ್ಲೈಡ್‌ನಲ್ಲಿ ಇದ್ದೆ. ವಿದ್ಯಾರ್ಥಿಗಳ ಪರದೆಯಲ್ಲಿ ಮಾತ್ರ ಮೊದಲನೇ ಸ್ಲೈಡೇ ನಿಂತುಬಿಟ್ಟಿತ್ತು. ಅವರು ಚಾಟ್‌ನಲ್ಲಿ ಹೇಳುತ್ತಲೇ ಇದ್ದರು, ಆದರೆ ಆ ಆ್ಯಪ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದರೆ ನನಗೆ ಚಾಟ್ ಕಾಣುತ್ತಿರಲಿಲ್ಲ. ಕೊನೆಗೆ ಒಬ್ಬಳು ಮೈಕ್ ಆನ್ ಮಾಡಿ, "ಮೇಡಂ, ನಮಗೆ ಇನ್ನೂ ಟೈಟಲ್ ಪೇಜೇ ಕಾಣ್ತಿದೆ" ಅಂದಳು. ಅಷ್ಟು ಹೊತ್ತು ಅರವತ್ತು ಜನ ನನಗೋಸ್ಕರ ತಾಳ್ಮೆಯಿಂದ ಕೂತಿದ್ದರು. ನನಗೆ ತುಂಬಾ ನೋವಾಯಿತು. ಅವತ್ತಿನಿಂದ ಇವತ್ತಿನವರೆಗೂ ಒಂದು ಅಭ್ಯಾಸ ಬಿಟ್ಟಿಲ್ಲ: ಫೋನಿನಿಂದ ನನ್ನದೇ ತರಗತಿಗೆ ವಿದ್ಯಾರ್ಥಿಯ ಹಾಗೆ ಸೇರಿಕೊಳ್ಳುತ್ತೇನೆ. ಅದರ ಆಡಿಯೊ ಆಫ್ ಮಾಡಿ ಪಕ್ಕದಲ್ಲಿ ನಿಲ್ಲಿಸುತ್ತೇನೆ. ಅವರಿಗೆ ಕಾಣುವುದೇ ನನಗೂ ಕಾಣುತ್ತದೆ. ಯಾವ ಸಾಫ್ಟ್‌ವೇರ್ ಬಳಸಿದರೂ ಇದನ್ನು ಮಾಡಿ. ಇದರಿಂದ ಇನ್ನೊಂದು ವಿಷಯವೂ ತಿಳಿಯಿತು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುವ ಸ್ಲೈಡ್, ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ಈಗ ಒಂದು ಸ್ಲೈಡ್‌ಗೆ ಆರು ಸಾಲಿಗಿಂತ ಜಾಸ್ತಿ ಹಾಕುವುದಿಲ್ಲ.

ಇನ್ನು ಜೂಮ್. ಎರಿಕ್ ಯುವಾನ್ ಈ ಕಂಪನಿ ಶುರು ಮಾಡಿದ್ದು 2011ರಲ್ಲಿ. ಅದಕ್ಕೂ ಮೊದಲು ಅವರು ವೆಬ್‌ಎಕ್ಸ್ ಅನ್ನುವ ಆಫೀಸ್ ಮೀಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದವರು. ಅಂದರೆ ಇದು ಆಫೀಸ್ ಮೀಟಿಂಗ್‌ಗಾಗಿ ಹುಟ್ಟಿದ ಸಾಮಾನು, ತರಗತಿಗಾಗಿ ಅಲ್ಲ. 2019ರ ಡಿಸೆಂಬರ್‌ನಲ್ಲಿ ದಿನಕ್ಕೆ ಸುಮಾರು 1 ಕೋಟಿ ಇದ್ದ ಮೀಟಿಂಗ್ ಹಾಜರಿ 2020ರ ಏಪ್ರಿಲ್‌ಗೆ 30 ಕೋಟಿಗೆ ಏರಿತು. ಹಾಗೆ ಬಂದವರಲ್ಲಿ ನಮ್ಮಂಥ ಪಾಠ ಹೇಳುವವರೂ ಬಹಳ ಜನ. ಆಫೀಸ್ ಮೀಟಿಂಗ್‌ಗೂ ತರಗತಿಗೂ ಇರುವ ವ್ಯತ್ಯಾಸ ನನಗೆ ದಿನಾ ಕಾಣುತ್ತದೆ. ಮೀಟಿಂಗ್‌ನಲ್ಲಿ ಕೂತವರಿಗೆ ಏನೋ ಹೇಳುವುದು ಇರುತ್ತದೆ. ತರಗತಿಯಲ್ಲಿ ಹೇಳಲು ಹೆದರುವವರೇ ಜಾಸ್ತಿ.

ಹೊಸಬರನ್ನು ಮೊದಲು ಕಂಗೆಡಿಸುವುದು ಮೌನ. "ಅರ್ಥ ಆಯ್ತಾ?" ಅಂತ ಕೇಳಿದಿರಿ. ಪರದೆ ತುಂಬ ಕಪ್ಪು ಚೌಕಗಳು, ಒಂದು ಸದ್ದೂ ಇಲ್ಲ. ಮೊದಲ ವರ್ಷ ಆ ಮೌನ ತಡೆಯಲಾರದೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಇದರ ಹಿಂದೆ ಎರಡು ಕಾರಣ ಇವೆ. ಮನುಷ್ಯರು ಎದುರುಬದುರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಸರಾಸರಿ 200 ಮಿಲಿಸೆಕೆಂಡ್ ಸಾಕು. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಒಂದು ಅಧ್ಯಯನದಲ್ಲಿ ಇದು ಕಂಡಿದೆ. ಆನ್‌ಲೈನ್‌ನಲ್ಲಿ ಮಾತು ತಲುಪುವುದಕ್ಕೇ ಅಷ್ಟು ಹೊತ್ತು ಹೋಗಬಹುದು. ಅದಕ್ಕೇ ಇಬ್ಬರು ಒಟ್ಟಿಗೆ ಬಾಯಿ ತೆರೆಯುತ್ತಾರೆ, "ನೀವು ಹೇಳಿ, ನೀವು ಹೇಳಿ" ಅಂತಾರೆ, ಕೊನೆಗೆ ಇಬ್ಬರೂ ಸುಮ್ಮನಾಗುತ್ತಾರೆ. ಇನ್ನೊಂದು ಕಾರಣ ನಮ್ಮದು. ಮೇರಿ ಬಡ್ ರೋ ಅನ್ನುವ ಶಿಕ್ಷಣತಜ್ಞೆ 1970ರ ದಶಕದಲ್ಲೇ ತೋರಿಸಿದ್ದರು: ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಒಂದು ಸೆಕೆಂಡಿನ ಆಸುಪಾಸು ಮಾತ್ರ, ಮೂರು ಸೆಕೆಂಡ್ ಕಾದರೂ ಉತ್ತರಗಳು ಉದ್ದವೂ ಆಗುತ್ತವೆ, ಚೆನ್ನಾಗೂ ಬರುತ್ತವೆ. ಅವರು ನೋಡಿದ್ದು ಎದುರಾ ಎದುರು ಕೂತ ತರಗತಿಗಳನ್ನು. ಜೂಮ್‌ನಲ್ಲಿ ಮೂರು ಸಾಲದು. ಮ್ಯೂಟ್ ತೆಗೆಯಬೇಕು, ಧೈರ್ಯ ತಂದುಕೊಳ್ಳಬೇಕು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಏಳು ಎಂಟಕ್ಕೆ ಯಾರಾದರೂ ಮಾತಾಡುತ್ತಾರೆ.

ಆದರೂ ಮಾತಾಡುವವರು ಅದೇ ನಾಲ್ಕೈದು ಜನ. ಉಳಿದವರು ನನಗೆ ಸಿಕ್ಕಿದ್ದು ಚಾಟ್‌ನಲ್ಲಿ.

ಒಂದು ದಿನದ ವಿಷಯ ಹೇಳುತ್ತೇನೆ. ಸಂಭವನೀಯತೆಯ ಪಾಠ. ಒಂದು ಕಾಯಿಲೆ ನೂರಕ್ಕೆ ಒಬ್ಬರಿಗೆ ಇದೆ. ಅದರ ಪರೀಕ್ಷೆ, ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 99 ಸಲ ಸರಿ ಹೇಳುತ್ತದೆ. ನಿಮಗೆ ಪಾಸಿಟಿವ್ ಬಂದರೆ ಕಾಯಿಲೆ ನಿಜಕ್ಕೂ ಇರುವ ಸಾಧ್ಯತೆ ನೂರಕ್ಕೆ ಎಷ್ಟು? ಎಲ್ಲರೂ ಉತ್ತರ ಟೈಪ್ ಮಾಡಿ, ಆದರೆ ನಾನು ಹೇಳುವವರೆಗೆ ಎಂಟರ್ ಒತ್ತಬೇಡಿ ಅಂದೆ. ಒಂದೂವರೆ ನಿಮಿಷ ಬಿಟ್ಟು "ಈಗ ಒತ್ತಿ" ಅಂದೆ. ಚಾಟ್ ಬಾಕ್ಸ್ ಮಳೆ ಸುರಿದ ಹಾಗೆ ತುಂಬಿತು. 99, 99, 98, 99. ನಡುವೆ ಎಲ್ಲೋ ಒಂದು 50. ಅದೇ ಹೊತ್ತಿಗೆ ನನಗೊಬ್ಬಳಿಗೇ ಒಂದು ಮೆಸೇಜ್ ಬಂತು: "ಮೇಡಂ, 50 ಹಾಕಿದ್ದು ನಾನು. ತಪ್ಪಾಗಿದ್ರೆ ದಯವಿಟ್ಟು ಹೆಸರು ಹೇಳಬೇಡಿ."

ಸರಿ ಉತ್ತರವೇ ಆ 50. 10,000 ಜನರನ್ನು ತೆಗೆದುಕೊಳ್ಳಿ. ಕಾಯಿಲೆ ಇರುವ 100 ಜನರಲ್ಲಿ 99 ಪಾಸಿಟಿವ್. ಇಲ್ಲದ 9,900 ಜನರಲ್ಲೂ ತಪ್ಪಾಗಿ 99 ಪಾಸಿಟಿವ್. ಅರ್ಧಕ್ಕರ್ಧ. ನಾನು ಅವಳಿಗೆ ಅಷ್ಟೇ ಗುಟ್ಟಾಗಿ ಬರೆದೆ: "ನೀನು ಸರಿ. ಹೇಗೆ ಬಂತು ಅಂತ ಎಲ್ಲರಿಗೂ ಹೇಳ್ತೀಯಾ?" ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೈಕ್ ಆನ್ ಆಯಿತು. ಮೂರು ಸೆಮಿಸ್ಟರ್ ನನ್ನ ವಿದ್ಯಾರ್ಥಿನಿಯಾಗಿದ್ದ ಆ ಹುಡುಗಿಯ ದನಿ ನಾನು ಕೇಳಿದ್ದು ಅವತ್ತೇ ಮೊದಲು. ಕ್ಯಾಂಪಸ್ ಕೊಠಡಿಯಲ್ಲಿ ಇದು ಆಗುತ್ತಿತ್ತಾ? ನನಗೆ ಅನುಮಾನ. ಅಲ್ಲಿ ಪಾಠದ ನಡುವೆ ಯಾರಿಗೂ ಕೇಳದ ಹಾಗೆ ಮೇಷ್ಟ್ರ ಹತ್ತಿರ ಮಾತಾಡಲು ದಾರಿಯೇ ಇಲ್ಲ.

ಈ "ಒಟ್ಟಿಗೆ ಎಂಟರ್" ಉಪಾಯ ಮಾಡದಿದ್ದರೆ ಮೊದಲು ಬಂದ ಉತ್ತರವನ್ನೇ ಉಳಿದವರೂ ಹಾಕುತ್ತಾರೆ, ಯೋಚನೆ ನಿಂತುಹೋಗುತ್ತದೆ. ಚಾಟ್ ಸೆಟ್ಟಿಂಗ್‌ನಲ್ಲಿ ಯಾರು ಯಾರಿಗೆ ಬರೆಯಬಹುದು ಅಂತ ಹೋಸ್ಟ್, ಅಂದರೆ ಮೀಟಿಂಗ್ ನಡೆಸುವವರು, ತೀರ್ಮಾನಿಸಬಹುದು. ವಿದ್ಯಾರ್ಥಿಗಳು ಎಲ್ಲರಿಗೂ ಬರೆಯಲಿ, ನನಗೊಬ್ಬಳಿಗೂ ಬರೆಯಲಿ, ತಮ್ಮತಮ್ಮಲ್ಲೇ ಗುಟ್ಟಾಗಿ ಬೇಡ. ನನಗೆ ಹೊಂದಿದ್ದು ಇದು. ತಡವಾಗಿ ಸೇರಿದವರಿಗೆ ಹಿಂದಿನ ಚಾಟ್ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಲಿಂಕ್ ಏನಾದರೂ ಕೊಟ್ಟರೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹಾಕಿ.

ಪೋಲ್ (ಪರದೆಯಲ್ಲೇ ಉತ್ತರ ಆರಿಸುವ ಪ್ರಶ್ನೆ) ಮತ್ತು ಬ್ರೇಕ್‌ಔಟ್ ರೂಮ್ (ತರಗತಿಯನ್ನು ಸಣ್ಣ ಗುಂಪುಗಳಾಗಿ ಒಡೆದು ಕಳಿಸುವ ಬೇರೆ ಬೇರೆ ಕೊಠಡಿಗಳು) ಎರಡನ್ನೂ ಜೋಡಿಸಿ ಬಳಸುತ್ತೇನೆ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿ ಇದು: ಮೊದಲು ಒಬ್ಬೊಬ್ಬರೇ ಉತ್ತರ ಹೇಳಬೇಕು, ಆಮೇಲೆ ಪಕ್ಕದವರ ಜೊತೆ ಚರ್ಚೆ, ಆಮೇಲೆ ಮತ್ತೆ ಉತ್ತರ. ಜೂಮ್‌ನಲ್ಲಿ ಪಕ್ಕದವರು ಅಂತ ಯಾರೂ ಇಲ್ಲ, ಆ ಜಾಗಕ್ಕೆ ಬ್ರೇಕ್‌ಔಟ್ ರೂಮ್ ಬರುತ್ತದೆ. ಒಂದು ರೂಮ್‌ಗೆ ಮೂರು ಜನ, ಹೆಚ್ಚೆಂದರೆ ನಾಲ್ಕು. ಆರು ಜನ ಹಾಕಿ ನೋಡಿದ್ದೇನೆ, ಅಲ್ಲೂ ಅದೇ ಮೌನ. ಪ್ರಶ್ನೆಯನ್ನು ಬರೆದು ಅವರ ಕೈಗೆ ಕೊಟ್ಟು ಕಳಿಸಿ. ಇಲ್ಲದಿದ್ದರೆ ರೂಮ್‌ಗೆ ಹೋದ ಮೇಲೆ "ಏನ್ ಕೇಳಿದ್ರು?" ಅನ್ನುವುದರಲ್ಲೇ ಎರಡು ನಿಮಿಷ ಕಳೆದುಹೋಗುತ್ತದೆ. ಪೋಲ್‌ನಲ್ಲಿ ಹೆಸರು ಕಾಣದ ಹಾಗೆ ಮಾಡುವ ಆಯ್ಕೆ ಇದೆ. ನಾನು ಯಾವಾಗಲೂ ಅದನ್ನೇ ಹಾಕುತ್ತೇನೆ. ತಪ್ಪು ಉತ್ತರ ಯಾರದ್ದು ಅಂತ ತಿಳಿದು ನನಗೇನಾಗಬೇಕು? ಎಷ್ಟು ಜನರದ್ದು ಅನ್ನುವುದು ಸಾಕು.

ಈಗ ಇಂಟರ್ನೆಟ್ ವಿಷಯ. ಇದನ್ನು ಪಾಠ ಹೇಳುವವರು ಗಂಭೀರವಾಗಿ ತೆಗೆದುಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಜೂಮ್ ತಾನೇ ಹೇಳುವ ಲೆಕ್ಕದಲ್ಲಿ ಧ್ವನಿಗೆ 60ರಿಂದ 80 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಸಾಕು. ವಿಡಿಯೊ ಇಲ್ಲದ ಸ್ಕ್ರೀನ್ ಶೇರ್‌ಗೆ 50ರಿಂದ 75. ಎರಡೂ ಸೇರಿ ಒಂದು ಗಂಟೆಗೆ ಹೆಚ್ಚೆಂದರೆ ಸುಮಾರು 70 ಎಂಬಿ ಆಗುತ್ತದೆ. ಅದೇ 720ಪಿ ಗುಂಪು ವಿಡಿಯೊ ನೋಡಬೇಕಾದರೆ 1.8 ಎಂಬಿಪಿಎಸ್ (1,800 ಕೆಬಿಪಿಎಸ್), ಅಂದರೆ ಗಂಟೆಗೆ ಸುಮಾರು 800 ಎಂಬಿ. ಹತ್ತು ಪಟ್ಟಿಗಿಂತ ಜಾಸ್ತಿ! ಫೋನಿನ ಡೇಟಾದಲ್ಲಿ ಪಾಠ ಕೇಳುವ ವಿದ್ಯಾರ್ಥಿಗೆ "ಕ್ಯಾಮೆರಾ ಆನ್ ಮಾಡು" ಅಂತ ಗದರುವ ಮುಂಚೆ ಈ ಲೆಕ್ಕ ನೆನಪಿಡಿ. ನಾನು ಮೊದಲ ಐದು ನಿಮಿಷ ಮುಖ ತೋರಿಸುತ್ತೇನೆ, ಕೊನೆಯಲ್ಲಿ ಪ್ರಶ್ನೆಗಳ ಹೊತ್ತಿಗೆ ಮತ್ತೆ. ನಡುವೆ ನನ್ನ ಕ್ಯಾಮೆರಾವೂ ಆಫ್. ಇದರಿಂದ ಪಾಠಕ್ಕೆ ಏನೂ ಕಮ್ಮಿ ಆಗಿಲ್ಲ. ಧ್ವನಿ ತುಂಡಾಗುವುದು ಕಮ್ಮಿ ಆಯಿತು. ಒಂದು ಒಳ್ಳೆಯ ಹೆಡ್‌ಸೆಟ್ ಮೈಕ್, ಕ್ಯಾಮೆರಾಕ್ಕಿಂತ ಎಷ್ಟೋ ಮೇಲು. ಮಸುಕಾದ ಚಿತ್ರವನ್ನು ಜನ ಸಹಿಸಿಕೊಳ್ಳುತ್ತಾರೆ, ಗೊರಗೊರ ಸದ್ದನ್ನು ಸಹಿಸುವುದಿಲ್ಲ.

ಹಲಗೆ ಇಲ್ಲ ಅನ್ನುವ ಕೊರಗು ನನಗೆ ಬಹಳ ದಿನ ಇತ್ತು. ಟ್ಯಾಬ್ಲೆಟ್ ಮತ್ತು ಪೆನ್ ಬಂದ ಮೇಲೆ ಅದು ತೀರಿತು. ಮೊದಲೇ ಬರೆದಿಟ್ಟ ಸೂತ್ರ ತೋರಿಸಿದರೆ ನಾನು ಪಾಠದಲ್ಲಿ ಬೇಗ ಬೇಗ ಮುಂದೆ ಓಡಿಬಿಡುತ್ತೇನೆ. ಕೈಯಲ್ಲಿ ಬರೆಯುತ್ತಾ ಹೋದರೆ ವಿದ್ಯಾರ್ಥಿಯ ಪೆನ್ನಿನ ಜೊತೆಗೇ ನನ್ನ ಪೆನ್ನೂ ನಡೆಯುತ್ತದೆ. ವಿದ್ಯಾರ್ಥಿಗಳು ಮೈಕ್ ಮುಟ್ಟದೆ "ನಿಧಾನ" ಅಂತ ಸೂಚಿಸಲು ಜೂಮ್‌ನಲ್ಲಿ ಒಂದು ಗುರುತು ಇದೆ. ಪುಟ್ಟ ಸೌಲಭ್ಯ, ಆದರೆ ನನಗೆ ತುಂಬ ಇಷ್ಟ. ಮೂರು ಜನ ಅದನ್ನು ಒತ್ತಿದರೆ ನಾನು ಪೆನ್ ಕೆಳಗಿಟ್ಟು ಹಿಂದಿನ ಸಾಲಿಗೆ ಹೋಗುತ್ತೇನೆ.

ರೆಕಾರ್ಡಿಂಗ್ ಬಗ್ಗೆ ಎರಡು ಮಾತು. ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಮಾಡಿದರೆ ಮೀಟಿಂಗ್ ಮುಗಿದ ಮೇಲೆ ಫೈಲ್ ಎಂಪಿ4 ಆಗಿ ಬದಲಾಗಲು ಸ್ವಲ್ಪ ಹೊತ್ತು ಬೇಕು. ಆಗ ಲ್ಯಾಪ್‌ಟಾಪ್ ಮುಚ್ಚಬೇಡಿ. ನಾನು ಆತುರದಲ್ಲಿ ಒಮ್ಮೆ ಮುಚ್ಚಿದ್ದೆ. ಫೋಲ್ಡರ್‌ನಲ್ಲಿ "ಡಬಲ್ ಕ್ಲಿಕ್ ಟು ಕನ್ವರ್ಟ್" ಅನ್ನುವ ಹೆಸರಿನ ಫೈಲ್ ಉಳಿದಿತ್ತು. ಅದನ್ನು ಡಬಲ್ ಕ್ಲಿಕ್ ಮಾಡಿದಾಗ ಪಾಠ ಪೂರ್ತಿ ವಾಪಸ್ ಬಂತು. ಕ್ಲೌಡ್ ರೆಕಾರ್ಡಿಂಗ್‌ನಲ್ಲಿ (ಫೈಲ್ ಜೂಮ್‌ನ ಸರ್ವರ್‌ನಲ್ಲೇ ಉಳಿಯುವ ಬಗೆ) ಮುಖ್ಯ ಕೊಠಡಿ ಮಾತ್ರ ದಾಖಲಾಗುತ್ತದೆ, ಬ್ರೇಕ್‌ಔಟ್ ರೂಮ್‌ಗಳದ್ದಲ್ಲ. ನನ್ನ ಮಟ್ಟಿಗೆ ಅದು ಒಳ್ಳೆಯದೇ. ತಪ್ಪು ಮಾಡಲು ಅವರಿಗೂ ಒಂದು ಜಾಗ ಬೇಕು.

ಸುಸ್ತು ಆಗುತ್ತದೆ, ಅದು ನಿಜ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣ ಮುಂದಿಟ್ಟರು: ಹತ್ತಿರದಿಂದ ದಿಟ್ಟಿಸುವ ಮುಖಗಳು, ದಿನವಿಡೀ ತನ್ನ ಮುಖ ತಾನೇ ನೋಡುವುದು, ಅಲುಗಾಡದೆ ಕೂರುವುದು, ಸನ್ನೆಗಳನ್ನು ಅರ್ಥಮಾಡಿಕೊಳ್ಳಲು ಮನಸ್ಸು ಪಡುವ ಹೆಚ್ಚಿನ ಶ್ರಮ. ಓದಿದ ದಿನವೇ "ಹೈಡ್ ಸೆಲ್ಫ್ ವ್ಯೂ" ಒತ್ತಿದೆ. ನನ್ನ ಮುಖ ನನಗೆ ಕಾಣದಾಯಿತು, ಅವರಿಗೆ ಕಾಣುತ್ತಲೇ ಇತ್ತು. ಒಂದೇ ವಾರದಲ್ಲಿ ತಲೆನೋವು ಇಳಿಯಿತು. ಈಗ ನಿಂತುಕೊಂಡೇ ಪಾಠ ಮಾಡುತ್ತೇನೆ. ಲ್ಯಾಪ್‌ಟಾಪ್ ಕೆಳಗೆ ಪುಸ್ತಕದ ರಾಶಿ ಇಟ್ಟರೆ ಆಯಿತು.

ಕರೆಯದೆ ಬರುವವರ ಕಾಟ 2020ರಲ್ಲಿ ಬಹಳ ಇತ್ತು. ಆ ಏಪ್ರಿಲ್‌ನಲ್ಲೇ ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮ್ (ನಾವು ಒಳಗೆ ಬಿಡುವವರೆಗೆ ಬಂದವರು ಕಾಯುವ ಜಾಗ) ತಾವಾಗಿಯೇ ಆನ್ ಇರುವಂತೆ ಜೂಮ್ ಬದಲಾಯಿಸಿತು. ಆ ಎರಡನ್ನು ಹಾಗೇ ಬಿಡಿ, ಲಿಂಕನ್ನು ಎಲ್ಲೆಂದರಲ್ಲಿ ಹಾಕಬೇಡಿ, ಸಾಕು.

ಉಚಿತ ಖಾತೆ ಸಾಕಾ ಅಂತ ತುಂಬಾ ಜನ ಕೇಳುತ್ತಾರೆ. ಅದರಲ್ಲಿ 100 ಜನ ಸೇರಬಹುದು, ಆದರೆ 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ. ಒಂದು ಗಂಟೆಯ ವಿಶ್ವವಿದ್ಯಾಲಯದ ಪಾಠಕ್ಕೆ ಅದು ಆಗುವುದಿಲ್ಲ. ವಿಶ್ವವಿದ್ಯಾಲಯದ ಲೈಸೆನ್ಸ್ ಇದೆಯಾ ಅಂತ ಮೊದಲು ಕೇಳಿ, ಎಷ್ಟೋ ಕಡೆ ಇರುತ್ತದೆ, ಹೇಳಿರುವುದಿಲ್ಲ. ಪರೀಕ್ಷೆ ಮಾತ್ರ ನಾನು ಇದರಲ್ಲಿ ನಡೆಸುವುದಿಲ್ಲ. ಹುಡುಗರ ಕೋಣೆಯನ್ನು ಕ್ಯಾಮೆರಾದಲ್ಲಿ ಕಾವಲು ಕಾಯುವುದು ನನ್ನ ಕೈಲಾಗದ ಕೆಲಸ. ಪುಸ್ತಕ ತೆರೆದು ಬರೆಯುವ ಪ್ರಶ್ನೆಗಳನ್ನು ಕೊಡುತ್ತೇನೆ.

ಇನ್ನೊಂದು ಅಭ್ಯಾಸ ಹೇಳಿ ನಿಲ್ಲಿಸುತ್ತೇನೆ. ಪಾಠ ಮುಗಿದ ಕೂಡಲೇ "ಎಂಡ್ ಮೀಟಿಂಗ್ ಫಾರ್ ಆಲ್" ಒತ್ತುವುದಿಲ್ಲ. ರೆಕಾರ್ಡಿಂಗ್ ನಿಲ್ಲಿಸಿ, "ಹೋಗುವವರು ಹೋಗಿ, ನಾನು ಹದಿನೈದು ನಿಮಿಷ ಇಲ್ಲೇ ಇರ್ತೀನಿ" ಅನ್ನುತ್ತೇನೆ. ಚೌಕಗಳು ಒಂದೊಂದಾಗಿ ಕಣ್ಮರೆಯಾಗುತ್ತವೆ. ಅರವತ್ತು ಇದ್ದದ್ದು ಇಪ್ಪತ್ತು, ಆಮೇಲೆ ಐದು. ಪಾಠ ಮುಗಿದ ಮೇಲೆ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರಲ್ಲ, ಅಂಥವರೇ ಈ ಐದು ಜನ. ಕಳೆದ ವಾರ ಹೀಗೇ ಒಬ್ಬ ಉಳಿದಿದ್ದ. ಕ್ಯಾಮೆರಾ ಆಫ್, ಮೈಕ್ ಆಫ್. ಎಲ್ಲರೂ ಹೋದ ಮೇಲೆ ಚಾಟ್‌ನಲ್ಲಿ ಬರೆದ: "ಮೇಡಂ, ಮೊದಲನೇ ಯೂನಿಟ್‌ನಿಂದಲೇ ಕೇಳಬಹುದಾ?" ನಾನು ಪೆನ್ ತೆಗೆದುಕೊಂಡು ಹೊಸ ಪುಟ ತೆರೆದೆ. ಮೀಟಿಂಗ್ ಮುಚ್ಚಿದಾಗ ಐವತ್ತು ನಿಮಿಷ ಕಳೆದಿತ್ತು.